ಅಪ್ಪನ ಪದಕ ದಾಖಲೆಗೆ ಸೇರಿದ್ದು ಹೀಗೆ

ಚಳ್ಳಕೆರೆಯ ನಮ್ಮಪ್ಪ 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದವರು. ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ಸಂಗ್ರಾಮ ಪದಕದ ನಮೂದಿತ್ತು. ಆ ರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ಸಲ್ಲುವ ಪಶ್ಚಿಮಿ ಸ್ಟಾರ್ ಪದಕದ ನಮೂದು ಇರಲಿಲ್ಲ. “ಹೋಗಲಿ ಬಿಡು ಮಗಳೇ” ಎನ್ನುತ್ತಿದ್ದರು. ನನಗೆ ಬಿಡಲಾಗಲಿಲ್ಲ.

ಅದನ್ನು ಸೇರಿಸಿ ಎಂದು ಬರೆದ ಮೊದಲ ಅರ್ಜಿಯ ತುಂಬ ಅಪ್ಪನ ಧೈರ್ಯವನ್ನೇ ಬಣ್ಣಿಸಿದ್ದೆ. ಉತ್ತರ ಬರಲಿಲ್ಲ. ಊರಿನ ನಿವೃತ್ತ ಸುಬೇದಾರರೊಬ್ಬರು ದಾರಿ ತೋರಿಸಿದರು: ಬೇಕಾದದ್ದು ವರ್ಣನೆಯಲ್ಲ, ಪುರಾವೆ. ಆ ಡಿಸೆಂಬರಿನಲ್ಲಿ ಅಪ್ಪ ಯಾವ ತುಕಡಿಯಲ್ಲಿ, ಎಲ್ಲಿದ್ದರು? ಟ್ರಂಕಿನಿಂದ ಪುಸ್ತಕ ತೆಗೆದು ಭೂತಗನ್ನಡಿ ಹಿಡಿದೆ. ಬೇರೊಂದು ಪುಟದಲ್ಲಿ, ಮಾಸಿದ ನೀಲಿ ಶಾಯಿಯಲ್ಲಿ, ಅದು ಸ್ಪಷ್ಟವಾಗಿ ದಾಖಲಾಗಿತ್ತು!

ಆ ಪುಟದ ಮತ್ತು ಪಿಂಚಣಿ ಆದೇಶದ ಪ್ರತಿ ಸೇರಿಸಿ, ಹಾಳೆಹಾಳೆಯ ಮೇಲೂ ಸೇವಾ ಸಂಖ್ಯೆ ಬರೆದು, ಅಪ್ಪನ ಸಹಿ ಹಾಕಿಸಿ ರೆಜಿಮೆಂಟಿನ ದಾಖಲೆ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ರಸೀದಿಯನ್ನು ಜೋಪಾನ ಮಾಡಿ. ಮೂಲ ಪುಸ್ತಕವನ್ನು ಮಾತ್ರ ಅಂಚೆಗೆ ಹಾಕಬೇಡಿ, ಕಳೆದರೆ ಮತ್ತೆ ಸಿಗುವುದು ಬಲು ಕಷ್ಟ.

ಏಳು ತಿಂಗಳ ಮೇಲೆ ತಿದ್ದುಪಡಿಯ ಪತ್ರ ಬಂತು. ಅಪ್ಪ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಟ್ರಂಕಿನಲ್ಲಿ ಇಡಲಿಲ್ಲ, ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.