ಪರಮಾಣುಗಳ ನಂಟು: ಯಾವ ಬಂಧ ಎಂದು ಗುರುತಿಸುವುದು ಹೇಗೆ?

ಉಪ್ಪು, ಸಕ್ಕರೆ ಎರಡೂ ಬಿಳಿ. ಎರಡೂ ನೀರಿನಲ್ಲಿ ಬೆರೆತುಹೋಗುತ್ತವೆ. ಆದರೆ ಒಣಗಿದ್ದಾಗ ಕಾಯಿಸಿ ನೋಡಿ. ಸಕ್ಕರೆ 200 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಉಪ್ಪು ದ್ರವವಾಗಬೇಕಾದರೆ 801 ಡಿಗ್ರಿ ಬೇಕು. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಸಕ್ಕರೆ ನೀರಿನಲ್ಲಿ ಹರಿಯುವುದಿಲ್ಲ. ಈ ವ್ಯತ್ಯಾಸವೆಲ್ಲ ಹುಟ್ಟುವುದು ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಬಗೆಯಿಂದ.

ಹಿಡಿತದ ಬಗೆ ಯಾವುದೇ ಇರಲಿ, ಮೂಲ ಒಂದೇ: ಧನ ವಿದ್ಯುದಂಶವಿರುವ ನ್ಯೂಕ್ಲಿಯಸ್ಸಿಗೂ ಋಣ ವಿದ್ಯುದಂಶವಿರುವ ಎಲೆಕ್ಟ್ರಾನಿಗೂ ನಡುವಿನ ಸೆಳೆತ. ಹಾಗಾಗಿ ಬಂಧಗಳ ಹೆಸರು, ವ್ಯಾಖ್ಯೆಗಳನ್ನು ಉರುಹೊಡೆಯುವುದಕ್ಕಿಂತ, ಹೊರಗಿನ ಎಲೆಕ್ಟ್ರಾನುಗಳು ಎಲ್ಲಿವೆ, ಅಲ್ಲಿದ್ದರೆ ಶಕ್ತಿ ಎಷ್ಟು ಇಳಿಯುತ್ತದೆ ಎಂದು ಕೇಳುವುದು ಲೇಸು.

ಹೆಜ್ಜೆ 1: ಹೊರಕವಚ ಎಣಿಸಿ

ಸೋಡಿಯಂನಲ್ಲಿ 11 ಎಲೆಕ್ಟ್ರಾನುಗಳು: ನ್ಯೂಕ್ಲಿಯಸ್ಸಿನ ಸುತ್ತಲಿನ ಕವಚಗಳಲ್ಲಿ, ಒಳಗಿನಿಂದ ಹೊರಕ್ಕೆ 2, 8, 1 ಎಂದು ಜೋಡಣೆ. ಕ್ಲೋರಿನ್‌ನಲ್ಲಿ 17: 2, 8, 7. ಕಾರ್ಬನ್‌ನಲ್ಲಿ 6: 2, 4. ಬಂಧದಲ್ಲಿ ತೊಡಗುವುದು ಈ ಕೊನೆಯ ಅಂಕಿಯ ಎಲೆಕ್ಟ್ರಾನುಗಳು ಮಾತ್ರ. ಹೊರಗೆ ಎಂಟು ಇದ್ದರೆ ಪರಮಾಣು ಸ್ಥಿರ ಎಂಬ ವಿಚಾರವನ್ನೂ, ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳಬಹುದು ಎಂಬುದನ್ನೂ 1916ರಲ್ಲಿ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಮಂಡಿಸಿದರು.

ಎಂಟರ ನಿಯಮ ಒಳ್ಳೆಯ ಊರುಗೋಲು, ಅಷ್ಟೇ. ಹೈಡ್ರೋಜನ್‌ಗೆ ಎರಡೇ ಸಾಕು. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಬೋರಾನ್ ಸುತ್ತ ಆರೇ ಇರುತ್ತವೆ. ಎಂಟು ಭರ್ತಿಯಾಗಿರುವ ಕ್ಸೆನಾನ್ ಯಾರೊಡನೆಯೂ ಸೇರದು ಎಂದುಕೊಂಡಿದ್ದಾಗ, 1962ರಲ್ಲಿ ನೀಲ್ ಬಾರ್ಟ್ಲೆಟ್ ಅದರ ಸಂಯುಕ್ತವನ್ನೇ ತಯಾರಿಸಿ ತೋರಿಸಿದರು.

ಹೆಜ್ಜೆ 2: ಯಾರ ಸೆಳೆತ ಜೋರು?

ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವ ಪರಮಾಣುವಿನ ಸಾಮರ್ಥ್ಯಕ್ಕೆ ಎಲೆಕ್ಟ್ರೊನೆಗೆಟಿವಿಟಿ ಎನ್ನುತ್ತಾರೆ. ಇದಕ್ಕೆ ಲೈನಸ್ ಪೌಲಿಂಗ್ 1932ರಲ್ಲಿ ಒಂದು ಅಳತೆಗೋಲು ಕೊಟ್ಟರು. ಈಗ ಬಳಕೆಯಲ್ಲಿರುವ ಅಂಕಿಗಳ ಪ್ರಕಾರ ಫ್ಲೋರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ಕಾರ್ಬನ್ 2.55, ಹೈಡ್ರೋಜನ್ 2.20, ಸೋಡಿಯಂ 0.93.

ಎರಡು ಪರಮಾಣುಗಳ ಅಂಕಿಗಳನ್ನು ಕಳೆಯಿರಿ. ಅಂತರ ದೊಡ್ಡದಿದ್ದರೆ ಅಯಾನಿಕ ಬಂಧ (ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹೋಗಿ, ವಿದ್ಯುದಂಶ ಪಡೆದ ಪರಮಾಣುಗಳು, ಅಂದರೆ ಅಯಾನುಗಳು, ಒಂದನ್ನೊಂದು ಸೆಳೆಯುವುದು), ಚಿಕ್ಕದಿದ್ದರೆ ಸಹವೇಲೆನ್ಸೀಯ ಬಂಧ (ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದು). ಗಡಿ 1.7ರ ಆಸುಪಾಸು ಎಂದು ಹೇಳುವುದುಂಟು, ಆದರೆ ಅದನ್ನು ಗೋಡೆಯೆಂದು ನಂಬಬೇಡಿ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ಅಂತರ 1.78, ಆದರೂ ಅದು ಬಿಡಿ ಅಣುಗಳ ವಸ್ತು, ಸುಮಾರು 20 ಡಿಗ್ರಿಗೇ ಕುದಿಯುತ್ತದೆ. ಇನ್ನೊಂದು ಎಚ್ಚರ: ಕ್ಲೋರಿನ್ ಅನಿಲದಲ್ಲೂ ಅಂತರ ಸೊನ್ನೆ, ಸೋಡಿಯಂ ಲೋಹದಲ್ಲೂ ಸೊನ್ನೆ. ಮೊದಲನೆಯದರಲ್ಲಿ ಎರಡೂ ಪರಮಾಣುಗಳ ಸೆಳೆತ ಬಿಗಿ, ಎರಡನೆಯದರಲ್ಲಿ ಎಲ್ಲವುಗಳ ಸೆಳೆತವೂ ಸಡಿಲ. ಅಂತರದ ಜೊತೆಗೆ ಸರಾಸರಿಯನ್ನೂ ನೋಡದಿದ್ದರೆ ಲೋಹೀಯ ಬಂಧ (ಲೋಹಗಳೊಳಗಿನ ಹಿಡಿತ, ಹೆಜ್ಜೆ 5 ನೋಡಿ) ಕೈತಪ್ಪುತ್ತದೆ.

ಹೆಜ್ಜೆ 3: ಅಯಾನಿಕ ಬಂಧದ ಲೆಕ್ಕ ಬರೆಯಿರಿ

‘ಸೋಡಿಯಂ ತನ್ನ ಎಲೆಕ್ಟ್ರಾನನ್ನು ಖುಷಿಯಿಂದ ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ’ ಎಂಬ ಕಥೆ ಬಹಳ ಕಡೆ ಚಾಲ್ತಿಯಲ್ಲಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಒಂದು ಮೋಲ್ (ಪರಮಾಣು, ಅಣುಗಳನ್ನು ಎಣಿಸಲು ಬಳಸುವ ಒಂದು ನಿಗದಿತ ದೊಡ್ಡ ಸಂಖ್ಯೆ) ಉಪ್ಪು ತಯಾರಾಗಲು ಮೊದಲು ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿಸಬೇಕು: 107 ಕಿಲೊಜೂಲ್ ಖರ್ಚು. ಅರ್ಧ ಮೋಲ್ ಕ್ಲೋರಿನ್ ಅಣುಗಳನ್ನು ಒಡೆಯಲು 122. ಸೋಡಿಯಂನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496. ಆ ಎಲೆಕ್ಟ್ರಾನ್ ಕ್ಲೋರಿನ್‌ಗೆ ಸೇರಿದಾಗ ಮರಳಿ ಸಿಗುವುದು 349 ಮಾತ್ರ. ಇಷ್ಟರವರೆಗೆ 376 ಕಿಲೊಜೂಲ್ ನಷ್ಟ! ವ್ಯವಹಾರ ಇಲ್ಲಿಗೇ ನಿಂತಿದ್ದರೆ ಜಗತ್ತಿನಲ್ಲಿ ಉಪ್ಪೇ ಇರುತ್ತಿರಲಿಲ್ಲ.

ಲಾಭ ಬರುವುದು ಆಮೇಲೆ. ಧನ ಅಯಾನುಗಳೂ ಋಣ ಅಯಾನುಗಳೂ ಹತ್ತಿರ ಸರಿದು ಹರಳು ಕಟ್ಟಿದಾಗ 787 ಕಿಲೊಜೂಲ್ ಹೊರಬೀಳುತ್ತದೆ. ನಷ್ಟ ತುಂಬಿ, ಮೇಲೆ 411 ಉಳಿಯುತ್ತದೆ. ಅಂದರೆ ಅಯಾನಿಕ ಬಂಧದ ಜೀವ ಇರುವುದು ಕೊಡು-ಕೊಳ್ಳುವಿಕೆಯಲ್ಲಲ್ಲ, ಹರಳಿನ ಜೋಡಣೆಯಲ್ಲಿ. ಅಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್‌ಗಳು, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂಗಳು. ಇಂಥದ್ದಕ್ಕೆ ಇಂಥದ್ದೇ ಜೋಡಿ ಎಂಬುದಿಲ್ಲ; ಆದ್ದರಿಂದ ಉಪ್ಪಿನ ಹರಳಿನಲ್ಲಿ ‘ಉಪ್ಪಿನ ಅಣು’ವನ್ನು ಹುಡುಕಿ ಫಲವಿಲ್ಲ.

ಹೆಜ್ಜೆ 4: ಹಂಚಿಕೆ ಸಮವೇ ಎಂದು ನೋಡಿ

ಎರಡು ಹೈಡ್ರೋಜನ್ ಪರಮಾಣುಗಳು ಹತ್ತಿರವಾದಾಗ ಎರಡು ಎಲೆಕ್ಟ್ರಾನುಗಳೂ ಹೆಚ್ಚಾಗಿ ನ್ಯೂಕ್ಲಿಯಸ್‌ಗಳ ನಡುವೆ ಹರಡಿಕೊಂಡು ಎರಡನ್ನೂ ತಮ್ಮತ್ತ ಸೆಳೆಯುತ್ತವೆ. ತೀರಾ ಹತ್ತಿರವಾದರೆ ನ್ಯೂಕ್ಲಿಯಸ್‌ಗಳೇ ಒಂದನ್ನೊಂದು ತಳ್ಳುತ್ತವೆ. ಸೆಳೆತ, ತಳ್ಳಾಟ ಸರಿತೂಗುವ ದೂರ 74 ಪಿಕೊಮೀಟರ್ (ಒಂದು ಪಿಕೊಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಈ ಸಹವೇಲೆನ್ಸೀಯ ಬಂಧವನ್ನು ಮುರಿಯಲು ಮೋಲ್‌ಗೆ 436 ಕಿಲೊಜೂಲ್ ಬೇಕು. ನೈಟ್ರೋಜನ್ ಅಣುವಿನಲ್ಲಿ ಮೂರು ಜೋಡಿಗಳ ಹಂಚಿಕೆ ಇರುವುದರಿಂದ 945 ಬೇಕಾಗುತ್ತದೆ. ಗಾಳಿಯ ನೈಟ್ರೋಜನ್ ಅಷ್ಟು ಸುಲಭಕ್ಕೆ ಯಾವುದರೊಂದಿಗೂ ವರ್ತಿಸದಿರುವುದು ಇದಕ್ಕೇ.

ನೆನಪಿರಲಿ, ಬಂಧ ಮುರಿಯಲು ಯಾವಾಗಲೂ ಶಕ್ತಿ ಖರ್ಚಾಗುತ್ತದೆ, ಬಂಧ ಕೂಡುವಾಗ ಬಿಡುಗಡೆಯಾಗುತ್ತದೆ. ‘ಬಂಧದೊಳಗೆ ಶಕ್ತಿ ತುಂಬಿಟ್ಟಿದೆ, ಒಡೆದರೆ ಹೊರಬರುತ್ತದೆ’ ಎಂಬುದು ತಲೆಕೆಳಗಾದ ತಿಳಿವಳಿಕೆ. ಇಂಧನ ಉರಿದಾಗ ಶಾಖ ಬರುವುದು, ಹಳೆಯ ಬಂಧಗಳನ್ನು ಮುರಿಯಲು ತಗಲಿದ್ದಕ್ಕಿಂತ ಹೊಸ ಬಂಧಗಳು ಕೂಡುವಾಗ ಹೆಚ್ಚು ಸಿಗುವುದರಿಂದ.

ನೀರಿನಲ್ಲಿ ಹಂಚಿಕೆ ಸಮನಲ್ಲ. ಆಕ್ಸಿಜನ್ ಕಡೆಗೆ ಎಲೆಕ್ಟ್ರಾನುಗಳು ವಾಲುತ್ತವೆ, ಅಣು 104.5 ಡಿಗ್ರಿ ಕೋನದಲ್ಲಿ ಬಾಗಿರುವುದರಿಂದ ಅದಕ್ಕೊಂದು ಧನ ತುದಿ, ಒಂದು ಋಣ ತುದಿ. ಕಾರ್ಬನ್ ಡೈಆಕ್ಸೈಡ್‌ನಲ್ಲೂ ಬಂಧಗಳು ವಾಲಿಕೊಂಡಿವೆ, ಆದರೆ ಅಣು ನೇರವಾಗಿರುವುದರಿಂದ ಎರಡು ಕಡೆಯ ವಾಲಿಕೆ ಒಂದನ್ನೊಂದು ರದ್ದುಮಾಡುತ್ತದೆ.

ಹೆಜ್ಜೆ 5: ಲೋಹ

ಇಲ್ಲಿ ಹೊರಗಿನ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರದೆ ಇಡೀ ಹರಳಿನ ತುಂಬ ಹರಡಿರುತ್ತವೆ. ಘನಸ್ಥಿತಿಯಲ್ಲೇ ವಿದ್ಯುತ್ ಹರಿಯುವುದು ಇದರಿಂದಲೇ. ಬಡಿದರೆ ಪದರಗಳು ಜಾರುತ್ತವೆ, ಹಿಡಿತ ಮಾತ್ರ ಉಳಿಯುತ್ತದೆ. ಅಯಾನಿಕ ಹರಳಿನಲ್ಲಾದರೆ ಪದರ ಜಾರಿದೊಡನೆ ಒಂದೇ ಬಗೆಯ ಅಯಾನುಗಳು ಎದುರುಬದುರಾಗಿ ಹರಳು ಸೀಳುತ್ತದೆ. ಹಿಡಿತದ ಬಲ ಲೋಹದಿಂದ ಲೋಹಕ್ಕೆ ಬಹಳ ಬೇರೆ: ಪಾದರಸ ಮೈನಸ್ 39 ಡಿಗ್ರಿಗೇ ದ್ರವ, ಟಂಗ್‌ಸ್ಟನ್‌ಗೆ 3,422 ಡಿಗ್ರಿ ಬೇಕು.

ಹೆಜ್ಜೆ 6: ಒಳಗಿನ ಬಂಧ, ಹೊರಗಿನ ಸೆಳೆತ ಬೇರೆಮಾಡಿ

ಹೆಚ್ಚು ಜನ ಎಡವುವುದು ಇಲ್ಲಿ. ನೀರು ಕುದಿಯುವಾಗ ಆಕ್ಸಿಜನ್-ಹೈಡ್ರೋಜನ್ ಬಂಧ ಮುರಿಯುವುದಿಲ್ಲ, ಆವಿಯೂ ನೀರೇ. ಸಡಿಲವಾಗುವುದು ಅಣು-ಅಣುಗಳ ನಡುವಿನ ಹೈಡ್ರೋಜನ್ ಬಂಧ, ಅಂದರೆ ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಕ್ಸಿಜನ್‌ಗೂ ನಡುವಿನ ಸೆಳೆತ. ಅದರ ಬಲ ಮೋಲ್‌ಗೆ ಸುಮಾರು 20 ಕಿಲೊಜೂಲ್, ಒಳಗಿನ ಬಂಧದ್ದು 460ರ ಆಸುಪಾಸು. ಆ ಪುಟ್ಟ ಸೆಳೆತದ ಪ್ರಭಾವ ಕಾಣಬೇಕಿದ್ದರೆ ಹೈಡ್ರೋಜನ್ ಸಲ್ಫೈಡ್ ನೋಡಿ: ನೀರಿಗಿಂತ ಭಾರದ ಅಣು, ಆದರೂ ಮೈನಸ್ 60 ಡಿಗ್ರಿಗೇ ಕುದಿಯುತ್ತದೆ.

ಸಹವೇಲೆನ್ಸೀಯ ಬಂಧ ದುರ್ಬಲ ಎಂಬ ತಪ್ಪು ಕಲ್ಪನೆಯೂ ಇದೇ ಗೊಂದಲದ ಕೂಸು. ವಜ್ರದಲ್ಲಿ ಇರುವುದು ಸಹವೇಲೆನ್ಸೀಯ ಬಂಧವೇ. ಪ್ರತಿ ಕಾರ್ಬನ್ನೂ ನಾಲ್ಕು ಕಾರ್ಬನ್‌ಗಳಿಗೆ ಬೆಸೆದುಕೊಂಡಿದೆ, ನಡುವೆ ಸಡಿಲವಾದ ಜಾಗವೇ ಇಲ್ಲ.

ಹೆಜ್ಜೆ 7: ಗುಣ ನೋಡಿ ತಾಳೆ ಹಾಕಿ

ಘನವಾಗಿದ್ದಾಗಲೇ ವಿದ್ಯುತ್ ಹರಿದರೆ ಮೊದಲು ಲೋಹೀಯ ಬಂಧವನ್ನು ಶಂಕಿಸಿ. ಗ್ರಾಫೈಟ್ ಇದಕ್ಕೆ ಅಪವಾದ. ಘನದಲ್ಲಿ ಹರಿಯದೆ, ದ್ರವವಾದಾಗ ಅಥವಾ ನೀರಿನಲ್ಲಿ ಕರಗಿದಾಗ ಮಾತ್ರ ಹರಿದರೆ ಅಯಾನಿಕ ಇರಬಹುದು. ದ್ರವವಾದಾಗಲೂ ಹರಿದರೆ ಅನುಮಾನ ಇನ್ನಷ್ಟು ಕಡಿಮೆ, ಏಕೆಂದರೆ ಹೈಡ್ರೋಜನ್ ಕ್ಲೋರೈಡ್‌ನಂಥ ಸಹವೇಲೆನ್ಸೀಯ ವಸ್ತುವೂ ನೀರಿಗೆ ಬಿದ್ದಾಗ ಅಯಾನುಗಳಾಗುತ್ತದೆ.

ಒಂದು ವಸ್ತುವಿಗೆ ಒಂದೇ ಬಂಧ ಎಂದು ಹಟ ಹಿಡಿಯುವುದೂ ಬೇಡ. ಅಮೋನಿಯಂ ಕ್ಲೋರೈಡ್‌ನಲ್ಲಿ ಲೋಹವೇ ಇಲ್ಲ. ಅಮೋನಿಯಂ ಅಯಾನಿನ ಒಳಗೆ ನೈಟ್ರೋಜನ್ ಮತ್ತು ನಾಲ್ಕು ಹೈಡ್ರೋಜನ್‌ಗಳ ನಡುವೆ ಇರುವುದು ಸಹವೇಲೆನ್ಸೀಯ ಬಂಧ. ಆ ಇಡೀ ಗುಂಪನ್ನು ಕ್ಲೋರೈಡ್ ಜೊತೆ ಹಿಡಿದಿಟ್ಟಿರುವುದು ಅಯಾನಿಕ ಬಂಧ.