ಮಂಡಿಯ ಸರ್ವರ್ ನಿಂತರೆ ಲಾರಿಯೂ ನಿಲ್ಲುತ್ತದೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೇಟೊ ಮಂಡಿಯ ಕಂಪ್ಯೂಟರ್ ಕೆಲಸವೆಲ್ಲ ನನ್ನ ಹೊಣೆ. ಹರಾಜಾದ ಕ್ರೇಟು ಲಾರಿ ಏರಬೇಕಾದರೆ ಬಿಲ್ ಆಗಬೇಕು, ರೈತ ಊರಿನ ಬಸ್ಸು ಹತ್ತಬೇಕಾದರೆ ಮಾರಾಟದ ಲೆಕ್ಕದ ಪಟ್ಟಿ ಕೈಗೆ ಸಿಗಬೇಕು. ಎರಡೂ ಹೊರಡುವುದು ಹಿಂದಿನ ಕೋಣೆಯ ಎರಡು ಸರ್ವರ್‌ಗಳಿಂದ.

ಒಂದು ಮಳೆಯ ರಾತ್ರಿ ಆ ಕೋಣೆಯ ಶೀಟು ಸೋರಿ ನೀರು ನೇರ ರ‍್ಯಾಕ್ ಮೇಲೆ ಬಿತ್ತು. ಬ್ಯಾಕಪ್ ಡಿಸ್ಕನ್ನು ನಾನು ಅದೇ ರ‍್ಯಾಕ್‌ನಲ್ಲಿ ಇಟ್ಟಿದ್ದೆ. ಸರ್ವರ್‌ನಲ್ಲಿ ಒಂದೇ ಲೆಕ್ಕವನ್ನು ಎರಡರಲ್ಲೂ ಬರೆಯುವ ಜೋಡಿ ಡಿಸ್ಕ್‌ಗಳಲ್ಲಿ ಒಂದು ಬದುಕಿತ್ತು, ಹಳೆಯ ಲೆಕ್ಕ ಸಿಕ್ಕಿತು. ಆದರೆ ಎರಡು ದಿನ ಚೀಟಿ ನೋಡಿ ಕೈಯಲ್ಲೇ ಪಟ್ಟಿ ಬರೆದೆವು. ಮುಳಬಾಗಿಲು ಕಡೆಯ ರೈತರೊಬ್ಬರು ಮಗಳ ಫೀಸು ಕಟ್ಟಬೇಕು ಅಂತ ದುಡ್ಡಿಗೆ ಎರಡು ಸಲ ಬಂದು ಬರಿಗೈಲಿ ಹೋದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ.

ಫೈಲುಗಳನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೂರದ ಕಂಪ್ಯೂಟರ್‌ಗೆ, ಹಾಕಿಟ್ಟರೆ ಸಾಲದೇ ಅಂತ ಯಜಮಾನರು ಕೇಳಿದರು. ಸಾಲದು. ಫೈಲು ಭದ್ರವಾಗಿದ್ದರೂ ಹೊಸ ಸರ್ವರ್ ತಂದು, ವಿಂಡೋಸ್ ಹಾಕಿ, ಡೇಟಾಬೇಸ್ ಕೂರಿಸುವಷ್ಟರಲ್ಲಿ ಮತ್ತೆ ಎರಡು ದಿನ ಹೋಗುತ್ತದೆ. ಮಂಡಿ ತಣ್ಣಗಿರುವ ಜನವರಿಯಲ್ಲಾದರೆ ಅರ್ಧ ದಿನ ತಡೆದೀತು, ಜುಲೈನಲ್ಲಿ ತಡೆಯದು. 2023ರ ಜುಲೈನಲ್ಲಿ 15 ಕೆಜಿ ಕ್ರೇಟು 2000 ರೂಪಾಯಿ ದಾಟಿದಾಗ 600 ಕ್ರೇಟು ಹೇರಿದ ಒಂದು ಲಾರಿಯ ಮಾಲೇ 12 ಲಕ್ಷ. ಅದಕ್ಕೇ ಗುರಿ ಹಾಕಿಕೊಂಡೆ: ಒಂದು ಗಂಟೆಯೊಳಗೆ ಬಿಲ್ಲಿಂಗ್ ಎದ್ದು ನಿಲ್ಲಬೇಕು, ಕಾಲು ಗಂಟೆಗಿಂತ ಹೆಚ್ಚಿನ ಲೆಕ್ಕ ಕಳೆಯಬಾರದು.

ಆರಿಸಿಕೊಂಡದ್ದು ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಎಲಾಸ್ಟಿಕ್ ಡಿಸಾಸ್ಟರ್ ರಿಕವರಿ (ಸರ್ವರ್ ಕೆಟ್ಟರೆ ಅದರ ನಕಲನ್ನು ಕ್ಲೌಡ್‌ನಲ್ಲಿ ಎಬ್ಬಿಸುವ ಸೇವೆ), ಮುಂಬೈ ರೀಜನ್, ಅಂದರೆ ಮುಂಬೈಯಲ್ಲಿರುವ ಅವರ ಸರ್ವರ್ ಕೇಂದ್ರಗಳು. ಪ್ರತಿ ಸರ್ವರ್‌ನಲ್ಲಿ ಏಜೆಂಟ್ ಎಂಬ ಒಂದು ಪುಟ್ಟ ಪ್ರೋಗ್ರಾಮ್ ಕೂತು, ಡಿಸ್ಕ್‌ನಲ್ಲಿ ಬದಲಾದದ್ದನ್ನೆಲ್ಲ ಆಗಿಂದಾಗ ಅಲ್ಲಿಗೆ ಕಳಿಸುತ್ತದೆ. ಫೈರ್‌ವಾಲ್‌ನಲ್ಲಿ ಹೊರಗೆ ಹೋಗಲು 443 ಮತ್ತು 1500 ಪೋರ್ಟ್ ಎಂಬ ಎರಡು ಬಾಗಿಲು ಬಿಟ್ಟುಕೊಟ್ಟರೆ ಆಯಿತು. ಅಲ್ಲಿ ಸದಾ ಓಡುವುದು ಒಂದು ಪುಟ್ಟ ಮೆಷಿನ್ ಮತ್ತು ಅಗ್ಗದ ಡಿಸ್ಕ್ ಮಾತ್ರ. ಪೂರ್ಣ ಸರ್ವರ್ ಏಳುವುದು ನಾವು ಎಬ್ಬಿಸಿದಾಗ. ಸರ್ವರ್ ಒಂದಕ್ಕೆ ಗಂಟೆಗೆ 0.028 ಡಾಲರ್, ಜೊತೆಗೆ ಡಿಸ್ಕ್, ಮೆಷಿನ್ ಖರ್ಚು.

ನಮ್ಮ ಅಪ್‌ಲೋಡ್ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್). ಮೊದಲ ಸಲದ ಪೂರ್ತಿ ನಕಲು, 700 ಜಿಬಿ, ಏರಲು ಲೈನನ್ನು ಪೂರ್ತಿ ಕೊಟ್ಟರೂ ಮೂರೂಕಾಲು ದಿನ. ಹಗಲಿಗೆ 5ಕ್ಕೆ ಇಳಿಸಿ ರಾತ್ರಿ ಬಿಟ್ಟಿದ್ದರಿಂದ ಐದು ದಿನ ದಾಟಿತು. ಆಮೇಲೂ ದಿನಾ ಬೆಳಿಗ್ಗೆ ಕನ್ಸೋಲ್ (ಆ ಸೇವೆಯ ನಿಯಂತ್ರಣ ಪುಟ) ನೋಡಿದರೆ ಮುಂಬೈಯ ನಕಲು ಗಂಟೆಗಟ್ಟಲೆ ಹಿಂದೆ ಬಿದ್ದಿರುತ್ತಿತ್ತು. ಲೈನನ್ನೇ ಅನುಮಾನಿಸಿ ಒಂದು ವಾರ ಕಳೆದೆ. ಕಡೆಗೆ ನೋಡಿದರೆ ಮಧ್ಯರಾತ್ರಿ ಡೇಟಾಬೇಸ್ ತನ್ನ 90 ಜಿಬಿ ಬ್ಯಾಕಪ್ಪನ್ನು ಅದೇ ಡಿಸ್ಕ್‌ಗೆ ಬರೆಯುತ್ತಿತ್ತು, ಏಜೆಂಟ್ ಅದನ್ನೂ ಹೊತ್ತುಕೊಂಡು ಹೋಗುತ್ತಿತ್ತು. 90 ಜಿಬಿಗೆ ಹತ್ತು ಗಂಟೆ. ಅಂದರೆ ಮಂಡಿ ಕಿಕ್ಕಿರಿದಿರುವ ಹೊತ್ತಿನಲ್ಲೇ ನಮಗೆ ರಕ್ಷಣೆ ಇಲ್ಲ. ಬ್ಯಾಕಪ್ಪಿಗೆ ಬೇರೆ ಡಿಸ್ಕ್ ಹಾಕಿ, ಅದನ್ನು ನಕಲಿನಿಂದ ಹೊರಗಿಟ್ಟೆ. ಅಂತರ ಸೆಕೆಂಡುಗಳಿಗೆ ಇಳಿಯಿತು.

ಮೊದಲ ಡ್ರಿಲ್, ಅಂದರೆ ಸರ್ವರ್ ಕೆಟ್ಟಿದೆ ಅಂತ ಇಟ್ಟುಕೊಂಡು ಮಾಡುವ ತಾಲೀಮು, ಒಂದು ಭಾನುವಾರ ರಾತ್ರಿ. ಮುಂಬೈಯಲ್ಲಿ ಬಿಲ್ಲಿಂಗ್ ಸರ್ವರ್ ಇಪ್ಪತ್ತು ನಿಮಿಷದಲ್ಲಿ ಎದ್ದಿತು. ಎದ್ದದ್ದೇ ತಡ, ಬಾಕಿ ಉಳಿದಿದ್ದ ಎಸ್‌ಎಂಎಸ್‌ಗಳನ್ನೆಲ್ಲ ರೈತರಿಗೆ ಕಳಿಸತೊಡಗಿತು. ಅದೇ ಸಂದೇಶ ಇಲ್ಲಿನ ಸರ್ವರ್‌ನಿಂದಲೂ ಹೋಯಿತು. ಪಟ್ಟಿ ಹಣ ಎರಡು ಸಲ ಜಮಾ ಆಯಿತೇ ಅಂತ ಹನ್ನೊಂದು ಗಂಟೆ ರಾತ್ರಿಯಲ್ಲಿ ಫೋನುಗಳು. ಒಬ್ಬೊಬ್ಬರಿಗೂ ನಾನೇ ಉತ್ತರ ಕೊಟ್ಟೆ. ಈಗ ಡ್ರಿಲ್‌ನಲ್ಲಿ ಏಳುವ ಮೆಷಿನ್ ಹೊರಗಿನ ದಾರಿಯೇ ಇಲ್ಲದ ಪ್ರತ್ಯೇಕ ಸಬ್‌ನೆಟ್‌ನಲ್ಲಿ (ನೆಟ್‌ವರ್ಕಿನ ಬೇರೆ ತುಂಡಿನಲ್ಲಿ) ಏಳುತ್ತದೆ.

ಅದೇ ರಾತ್ರಿ ಕೌಂಟರ್‌ಗಳು ಹೊಸ ಸರ್ವರನ್ನು ಕಾಣಲೇ ಇಲ್ಲ. ಎಲ್ಲದರಲ್ಲೂ ಹಳೆಯ ಸರ್ವರ್‌ನ ಐಪಿ ವಿಳಾಸವನ್ನೇ (ನೆಟ್‌ವರ್ಕಿನಲ್ಲಿ ಅದರ ನಂಬರನ್ನೇ) ಬರೆದಿಟ್ಟಿದ್ದೆ. ವಿಳಾಸ ತೆಗೆದು ಹೆಸರು ಹಾಕಿದೆ, ಕೌಂಟರ್‌ಗಳಿಗೆ ಮುಂಬೈಗೆ ಸುರಕ್ಷಿತ ದಾರಿಯಾಗಿ ವಿಪಿಎನ್ ಕೊಟ್ಟೆ, ಲೈನ್ ಕೈಕೊಟ್ಟರೆ ಇರಲಿ ಅಂತ ಬೇರೆ ಕಂಪನಿಯ 4ಜಿ ರೂಟರ್ ತಂದಿಟ್ಟೆ. ಕ್ಲೌಡ್ ಖಾತೆಯ ಒಟಿಪಿ ಬರುತ್ತಿದ್ದದ್ದು ಯಜಮಾನರ ಫೋನಿಗೊಂದಕ್ಕೇ. ಅವರು ಮಲಗಿದ್ದರೆ ಮಂಡಿಯೂ ಮಲಗಿದಂತೆ. ಈಗ ಮೂವರ ಬಳಿ ಬೇರೆ ಬೇರೆ ಲಾಗಿನ್ ಇದೆ.

ವೈರಸ್ ಬಂದು ಫೈಲುಗಳನ್ನು ಲಾಕ್ ಮಾಡಿದರೆ ಆ ಹಾಳೂ ನಕಲಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಕಳೆದ ಒಂದು ಗಂಟೆಯಲ್ಲಿ ಹತ್ತು ನಿಮಿಷಕ್ಕೊಂದು, ಒಂದು ದಿನದಲ್ಲಿ ಗಂಟೆಗೊಂದು, ಏಳು ದಿನಕ್ಕೆ ದಿನಕ್ಕೊಂದು ಅಂತ ಸರ್ವರ್‌ನ ಹಳೆಯ ಸ್ಥಿತಿ ಉಳಿದಿರುತ್ತದೆ, ವೈರಸ್ ಬರುವ ಮುಂಚಿನದನ್ನು ಎಬ್ಬಿಸಬಹುದು. ಏಳು ದಿನವನ್ನು ನಾನು ಮೂವತ್ತಕ್ಕೆ ಏರಿಸಿದ್ದೇನೆ.

ಕಳೆದ ಡ್ರಿಲ್‌ನಲ್ಲಿ ನಾನು ಕೀಬೋರ್ಡ್ ಮುಟ್ಟಲಿಲ್ಲ. ಬಿಲ್ ಹಾಕುವ ಹುಡುಗ ಗೋಡೆಗಂಟಿಸಿದ ಕನ್ನಡದ ಹಾಳೆ ನೋಡಿಕೊಂಡು 42 ನಿಮಿಷಕ್ಕೆ ಪರೀಕ್ಷೆಯ ಪಟ್ಟಿ ಪ್ರಿಂಟ್ ತೆಗೆದ. ಕ್ಲೌಡ್‌ನಿಂದ ನಮ್ಮ ಸರ್ವರ್‌ಗೆ ಎಲ್ಲವನ್ನೂ ವಾಪಸ್ ಇಳಿಸುವ ಕೆಲಸವನ್ನು ಇನ್ನೂ ಮಾಡಿ ನೋಡಿಲ್ಲ. ಸಂಕ್ರಾಂತಿ ಕಳೆದು ಮಂಡಿ ತಣ್ಣಗಿರುವಾಗ ಅದಕ್ಕೆ ಕೈ ಹಾಕುತ್ತೇನೆ.