ಗೋಡೆ ಪಕ್ಕದ ಗಾಳಿಯ ವೇಗ: ಪಿಟೋ ಕೊಳವೆಯಲ್ಲಿ ಅಳೆದು ಮಾದರಿಗೆ ಕೂಡಿಸುವುದು

ಚಪ್ಪಟೆ ಹಲಗೆಯ ಮೇಲೆ ಗಾಳಿ ಹರಿಯುವಾಗ ಹಲಗೆಗೆ ತಾಗಿದ ಗಾಳಿ ನಿಂತೇ ಇರುತ್ತದೆ. ಒಂದಂಗುಲ ಮೇಲೆ ಹೋದರೆ ಪೂರ್ತಿ ವೇಗ ಸಿಗುತ್ತದೆ. ಈ ನಡುವಿನ ಗಡಿಪದರವನ್ನು ಅಳೆಯಲು ಕಾಲೇಜಿನ ಸಣ್ಣ ವಿಂಡ್ ಟನಲ್, ಪಿಟೋ ಕೊಳವೆ (ಎದುರಿಗೆ ಬರುವ ಗಾಳಿಯ ಒತ್ತಡ ಹಿಡಿಯುವ ತೆಳು ಕೊಳವೆ), ಓರೆ ಮ್ಯಾನೋಮೀಟರ್ (ಒತ್ತಡದ ವ್ಯತ್ಯಾಸವನ್ನು ಓರೆ ಕೊಳವೆಯ ದ್ರವದಲ್ಲಿ ತೋರಿಸುವುದು) ಸಾಕು. ದುಬಾರಿ ಉಪಕರಣ ಇಲ್ಲದ್ದಕ್ಕೆ ಅಳತೆ ಕೆಡುವುದು ಕಡಿಮೆ. ಹೆಚ್ಚಾಗಿ ಕೆಡುವುದು ಗೋಡೆ, ಅಂದರೆ ಹಲಗೆಯ ಮೇಲ್ಮೈ, ಎಲ್ಲಿ ಶುರುವಾಗುತ್ತದೆ ಎಂದು ಸರಿಯಾಗಿ ಗುರುತಿಸದೆ.

ಕೆಳಗಿನ ಲೆಕ್ಕವೆಲ್ಲ ಸೆಕೆಂಡಿಗೆ 15 ಮೀಟರ್ ಗಾಳಿಗೆ, ಹಲಗೆಯ ಮುಂದಂಚಿನಿಂದ 1 ಮೀಟರ್ ಹಿಂದಿನ ಜಾಗಕ್ಕೆ, 25 ಡಿಗ್ರಿ ತಾಪಮಾನಕ್ಕೆ.

ಮೊದಲು ಸಾಂದ್ರತೆ

ಒತ್ತಡದ ವ್ಯತ್ಯಾಸದ ಎರಡರಷ್ಟನ್ನು ಗಾಳಿಯ ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ. ಆ ಸಾಂದ್ರತೆಗೆ ಪಠ್ಯಪುಸ್ತಕದ 1.2 ಅನ್ನು ಕಣ್ಣು ಮುಚ್ಚಿ ಹಾಕಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ವಾಯುಭಾರ 91 ಕಿಲೋಪ್ಯಾಸ್ಕಲ್ ಆಸುಪಾಸು. ಅದನ್ನು ಗಾಳಿಯ ಅನಿಲ ಸ್ಥಿರಾಂಕ 287ರಿಂದಲೂ ಕೆಲ್ವಿನ್ ತಾಪಮಾನದಿಂದಲೂ ಭಾಗಿಸಿದರೆ ಸಾಂದ್ರತೆ ಘನಮೀಟರಿಗೆ 1.06 ಕಿಲೋ. 1.2 ಹಾಕಿದರೆ 15 ಇರುವ ವೇಗ 14.1 ಎಂದು ಬರುತ್ತದೆ. ಫೋನಿನ ಹವಾಮಾನ ಆ್ಯಪ್ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಒತ್ತಡ ತೋರಿಸುತ್ತದೆ. ಅದು ಇಲ್ಲಿ ಬೇಡ, ಲ್ಯಾಬಿನ ಬ್ಯಾರೋಮೀಟರನ್ನೇ ಓದಿ.

ಹಲಗೆ

ಗಡಿಪದರ ಎಲ್ಲೋ ಮಧ್ಯದಲ್ಲಿ ತನ್ನಷ್ಟಕ್ಕೆ ಟರ್ಬುಲೆಂಟ್ (ಸುಳಿಸುಳಿಯಾದ ಹರಿವು) ಆಗಲು ಬಿಟ್ಟರೆ ದಿನಕ್ಕೊಂದು ಫಲಿತಾಂಶ ಬರುತ್ತದೆ. ಮುಂದಂಚಿನಿಂದ 5ರಿಂದ 10 ಸೆಂಟಿಮೀಟರ್ ಹಿಂದೆ 1.2 ಮಿಲಿಮೀಟರ್ ದಪ್ಪದ ತಂತಿಯನ್ನು ಹಲಗೆಯ ಪೂರ್ತಿ ಅಗಲಕ್ಕೆ ಅಂಟಿಸಿ. ತಂತಿಯ ದಪ್ಪವನ್ನೇ ಉದ್ದವಾಗಿ ಹಿಡಿದ ರೆನಾಲ್ಡ್ಸ್ ಸಂಖ್ಯೆ (ವೇಗವನ್ನು ಉದ್ದದಿಂದ ಗುಣಿಸಿ ಗಾಳಿಯ ಚಲನ ಸ್ನಿಗ್ಧತೆಯಿಂದ, ಅಂದರೆ ಅಂಟುತನದ ಅಳತೆಯಿಂದ, ಭಾಗಿಸಿದ್ದು) ಆಗ 1,000 ದಾಟುತ್ತದೆ. ಸುಮಾರು 850ಕ್ಕಿಂತ ಕಡಿಮೆಯಾದರೆ ತಂತಿ ಕೆಲಸ ಮಾಡುತ್ತದೆಂಬ ಭರವಸೆ ಇಲ್ಲ.

ಸ್ಟ್ಯಾಟಿಕ್ ಒತ್ತಡಕ್ಕೆ (ವೇಗದ ಪಾಲು ಸೇರದ ಗಾಳಿಯ ಒತ್ತಡ) ಅಳತೆಯ ಜಾಗದ ನೇರದಲ್ಲೇ, ಸ್ವಲ್ಪ ಪಕ್ಕಕ್ಕೆ, ಹಲಗೆಯಲ್ಲಿ 0.5ರಿಂದ 1 ಮಿಲಿಮೀಟರ್ ತೂತು ಕೊರೆಯಿರಿ. ತೂತಿನ ಅಂಚಿನ ಮೇಲೆ ಬೆರಳು ಸವರಿದಾಗ ಏನೂ ಚುಚ್ಚಬಾರದು. ಕಣ್ಣಿಗೆ ಕಾಣದಷ್ಟು ಲೋಹದ ಚೂರು ಎದ್ದಿದ್ದರೂ ಒತ್ತಡ ತಪ್ಪಾಗುತ್ತದೆ.

ಪಿಟೋ ಕೊಳವೆ ಮತ್ತು ಗೋಡೆಯ ಸೊನ್ನೆ

1 ಮಿಲಿಮೀಟರ್ ಹೊರವ್ಯಾಸದ ಸ್ಟೀಲ್ ಕೊಳವೆಯ ಬಾಯಿಯನ್ನು ಒಳಗೆ ತೆಳು ತಗಡಿಟ್ಟು ಮೆಲ್ಲಗೆ ಒತ್ತಿ, ಹೊರ ಎತ್ತರ 0.5 ಮಿಲಿಮೀಟರ್ ಆಗುವಷ್ಟು ಚಪ್ಪಟೆ ಮಾಡಿ. ಹಲಗೆಗೆ ತಾಗಿದಾಗ ಬಾಯಿಯ ನಡುಭಾಗ 0.25 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ನಿಮ್ಮ ಅಳತೆ ಸೊನ್ನೆಯಿಂದಲ್ಲ, ಅಲ್ಲಿಂದ ಶುರು.

ತಾಗಿತೋ ಇಲ್ಲವೋ ತಿಳಿಯುವುದು ಹೇಗೆ? ಲೋಹದ ಹಲಗೆಯಾದರೆ ಮಲ್ಟಿಮೀಟರಿನ ಒಂದು ತುದಿ ಕೊಳವೆಗೆ, ಇನ್ನೊಂದು ಹಲಗೆಗೆ. ಬೀಪ್ ಬಂದ ಕ್ಷಣ ತಾಗಿದೆ. ಅಕ್ರಿಲಿಕ್ ಆದರೆ ಪಕ್ಕದಿಂದ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ: ಕೊಳವೆ ಮೇಲೆ, ಅದರ ಪ್ರತಿಬಿಂಬ ಕೆಳಗೆ, ನಡುವೆ ಬೆಳಕಿನ ಒಂದು ಗೆರೆ. ಆ ಗೆರೆಯ ದಪ್ಪ ನಿಜವಾದ ಸಂದಿಯ ಎರಡರಷ್ಟು, ಹಾಗಾಗಿ ಕಣ್ಣಿಗೆ ಸುಲಭ. ಗೆರೆ ಮಾಯವಾದಾಗ ಮೈಕ್ರೋಮೀಟರ್ ಓದಿಕೊಳ್ಳಿ.

ಇದನ್ನು ಗಾಳಿ ಬೀಸುತ್ತಿರುವಾಗಲೇ ಮಾಡಬೇಕು. ನಿಂತ ಗಾಳಿಯಲ್ಲಿ ಸೊನ್ನೆ ಹಿಡಿದು ಆಮೇಲೆ ಫ್ಯಾನ್ ಹಾಕಿದರೆ ಕೊಳವೆ ಬಾಗಿ ಸೊನ್ನೆ ಸರಿದುಹೋಗುತ್ತದೆ. 0.8 ಮಿಲಿಮೀಟರ್ ಎತ್ತರದಲ್ಲಿ 0.1 ಮಿಲಿಮೀಟರ್ ತಪ್ಪಿದರೆ ವೇಗದ ಲೆಕ್ಕ ಶೇ 2ಕ್ಕೂ ಹೆಚ್ಚು ತಪ್ಪುತ್ತದೆ. ಗೋಡೆಯ ಘರ್ಷಣೆಯಲ್ಲಿ ಅದು ದುಪ್ಪಟ್ಟು. ಸ್ಕ್ರೂವಿನ ಸಡಿಲ ಸೇರಿಕೊಳ್ಳದಂತೆ ಯಾವಾಗಲೂ ಗೋಡೆಯಿಂದ ಮೇಲಕ್ಕೇ ಹೋಗಿ, ಹಿಂದಕ್ಕೆ ತಿರುಗಿಸಬೇಡಿ.

ಓದುವುದು

ಮೇಲಿನ ಮುಕ್ತ ಗಾಳಿಯಲ್ಲಿ ಪಿಟೋ ಮತ್ತು ಸ್ಟ್ಯಾಟಿಕ್ ಒತ್ತಡಗಳ ವ್ಯತ್ಯಾಸ ಸುಮಾರು 120 ಪ್ಯಾಸ್ಕಲ್, ಅಂದರೆ 12 ಮಿಲಿಮೀಟರ್ ನೀರು. ಗೋಡೆಯಿಂದ 0.8 ಮಿಲಿಮೀಟರಿನಲ್ಲಿ ಬರೀ 4 ಮಿಲಿಮೀಟರ್. ನೆಟ್ಟಗಿನ ಕೊಳವೆಯಲ್ಲಿ ಇದನ್ನು ಓದಲಾಗದು. ಹತ್ತಕ್ಕೆ ಒಂದರ ಓರೆಯಲ್ಲಿ ಅದೇ 40 ಮಿಲಿಮೀಟರ್ ಆಗುತ್ತದೆ. ತೆಳು ಕೊಳವೆಯಲ್ಲಿ ಒತ್ತಡ ನಿಧಾನಕ್ಕೆ ಸಮವಾಗುವುದರಿಂದ ಪ್ರತಿ ಬಿಂದುವಿನಲ್ಲೂ ದ್ರವ ಪೂರ್ತಿ ನಿಲ್ಲುವವರೆಗೆ ಕಾಯಿರಿ. 4 ಮಿಲಿಮೀಟರ್ ಎತ್ತರದವರೆಗೆ 0.2ರ ಹೆಜ್ಜೆ, ಆಮೇಲೆ 2 ಮಿಲಿಮೀಟರಿನ ಹೆಜ್ಜೆ, 35ರವರೆಗೆ. ಗೋಡೆಗೆ ತೀರಾ ಹತ್ತಿರ, ಬಾಯಿಯ ಎತ್ತರದ ಎರಡರಷ್ಟರೊಳಗಿನ ಬಿಂದುಗಳನ್ನು ಬರೆದಿಟ್ಟುಕೊಳ್ಳಿ, ಆದರೆ ಲೆಕ್ಕಕ್ಕೆ ಸೇರಿಸಬೇಡಿ.

ಲಾಗ್ ನಿಯಮಕ್ಕೆ ಕೂಡಿಸುವುದು

ಫ್ರಾನ್ಸಿಸ್ ಕ್ಲೌಸರ್ 1954ರಲ್ಲಿ ತೋರಿಸಿದ ದಾರಿ ಇದು. ವೇಗವನ್ನು ಘರ್ಷಣಾ ವೇಗದಿಂದ (ಗೋಡೆಯ ಘರ್ಷಣೆಯನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದದ್ದು) ಭಾಗಿಸಿದರೆ ಬರುವುದು, ವೈ-ಪ್ಲಸ್‌ನ ಸಹಜ ಲಾಗರಿದಮನ್ನು 0.41ರಿಂದ ಭಾಗಿಸಿ 5 ಕೂಡಿಸಿದ ಮೊತ್ತ. ವೈ-ಪ್ಲಸ್ ಎಂದರೆ ಎತ್ತರವನ್ನು ಘರ್ಷಣಾ ವೇಗದಿಂದ ಗುಣಿಸಿ ಚಲನ ಸ್ನಿಗ್ಧತೆಯಿಂದ ಭಾಗಿಸಿದ್ದು. ನಮ್ಮ ಗಾಳಿಗೆ ಸ್ನಿಗ್ಧತೆ ಸೆಕೆಂಡಿಗೆ 0.0000173 ಚದರ ಮೀಟರ್.

ಈ ನಿಯಮ ನಡೆಯುವುದು ವೈ-ಪ್ಲಸ್ 30ರಿಂದ ಪದರದ ದಪ್ಪದ ಶೇ 15ರವರೆಗೆ. ಪದರದ ದಪ್ಪ ಸುಮಾರು 24 ಮಿಲಿಮೀಟರ್, ಹಾಗಾಗಿ ಸಿಗುವ ಜಾಗ 0.8ರಿಂದ 3.6 ಮಿಲಿಮೀಟರ್ ಅಷ್ಟೇ. ಅದರೊಳಗೆ 1 ಮಿಲಿಮೀಟರಿಗಿಂತ ಮೇಲಿನ ಪ್ರತಿ ಬಿಂದುವಿಗೂ ಸ್ಪ್ರೆಡ್‌ಶೀಟಿನ ಗೋಲ್ ಸೀಕ್‌ನಲ್ಲಿ (ಉತ್ತರ ಹೊಂದುವ ಬೆಲೆಯನ್ನು ತಾನೇ ಹುಡುಕುವ ಸೌಲಭ್ಯ) ಬೇರೆಬೇರೆಯಾಗಿ ಘರ್ಷಣಾ ವೇಗ ಬಿಡಿಸಿ. ಸೆಕೆಂಡಿಗೆ 0.65 ಮೀಟರಿನ ಸುತ್ತ ಬರಬೇಕು, ಆಗ 0.8, 2, 3.5 ಮಿಲಿಮೀಟರಿನಲ್ಲಿ ವೇಗ ಸುಮಾರು 8.6, 10.1, 11.0. ಗೋಡೆಯತ್ತ ಬಂದಂತೆ ಬಿಡಿಸಿದ ಘರ್ಷಣಾ ವೇಗದ ಬೆಲೆ ಏರುತ್ತಿದ್ದರೆ ನೀವು ಬರೆದ ಎತ್ತರ ನಿಜಕ್ಕಿಂತ ಕಡಿಮೆ, ಇಳಿಯುತ್ತಿದ್ದರೆ ಹೆಚ್ಚು. ಎಲ್ಲ ಎತ್ತರಗಳಿಗೂ ಒಂದೇ ತಿದ್ದುಪಡಿ ಕೊಟ್ಟು ಬೆಲೆಗಳು ಒಂದಾಗುವವರೆಗೆ ಹೊಂದಿಸಿ. 0.1 ಮಿಲಿಮೀಟರಿಗಿಂತ ಹೆಚ್ಚು ಬೇಕಾದರೆ ಸೊನ್ನೆಯನ್ನೇ ಮತ್ತೆ ಹಿಡಿಯುವುದು ಪ್ರಾಮಾಣಿಕ.

ಆಕಾರ ಗುಣಾಂಕವನ್ನೂ (ಪದರದ ಸ್ಥಳಾಂತರ ದಪ್ಪವನ್ನು ಸಂವೇಗ ದಪ್ಪದಿಂದ ಭಾಗಿಸಿದ್ದು, ಎರಡೂ ವೇಗದ ಅಳತೆಗಳಿಂದಲೇ ಬರುತ್ತವೆ) ನೋಡಿ: 1.4ರ ಹತ್ತಿರವಿದ್ದರೆ ಟರ್ಬುಲೆಂಟ್, 2.6ರ ಕಡೆಗಿದ್ದರೆ ಪದರ ಇನ್ನೂ ಲ್ಯಾಮಿನಾರ್ (ಸುಳಿಯಿಲ್ಲದ ನಯವಾದ ಹರಿವು), ಲಾಗ್ ನಿಯಮ ಹೊಂದಿಸುವುದೇ ತಪ್ಪು.

ಗೋಡೆಯ ಘರ್ಷಣೆ ಇಲ್ಲಿ 0.45 ಪ್ಯಾಸ್ಕಲ್. ಇಷ್ಟು ಸಣ್ಣ ಬಲವನ್ನು, ಹಲಗೆಯ ಒಂದು ತುಂಡನ್ನೇ ತೇಲುವಂತೆ ಬಿಟ್ಟು ನೇರವಾಗಿ ಅಳೆದವರಲ್ಲಿ ಸತೀಶ್ ಧವನ್ ಒಬ್ಬರು. ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಆ ಕೆಲಸ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ವರದಿಯಾಗಿ 1953ರಲ್ಲಿ ಬಂತು.

ಕಂಪ್ಯೂಟರ್ ಮಾದರಿಗೆ

ಕಂಪ್ಯೂಟರ್ ಲೆಕ್ಕಕ್ಕೆ ಗಾಳಿಯನ್ನು ಸೆಲ್ ಎಂಬ ಸಣ್ಣ ತುಂಡುಗಳಾಗಿ ಹಂಚುತ್ತಾರೆ, ಆ ಜಾಲರಿಯೇ ಮೆಶ್. ವೈ-ಪ್ಲಸ್ 1 ಅಂದರೆ ಇಲ್ಲಿ 0.027 ಮಿಲಿಮೀಟರ್. ಇದು ಮೊದಲ ಸೆಲ್‌ನ ನಡುಬಿಂದುವಿನ ಎತ್ತರ. ಮೆಶ್ ತಂತ್ರಾಂಶ ಕೇಳುವುದು ಸೆಲ್‌ನ ಪೂರ್ತಿ ಎತ್ತರವಾದರೆ 0.054 ಕೊಡಿ. ಪ್ರತಿ ಪದರ ಹಿಂದಿನದಕ್ಕಿಂತ 1.2 ಪಟ್ಟು ಬೆಳೆದರೆ 25 ಪದರಗಳಲ್ಲಿ 24 ಮಿಲಿಮೀಟರ್ ತುಂಬುತ್ತದೆ. ವಾಲ್ ಫಂಕ್ಷನ್ (ಗೋಡೆ ಪಕ್ಕದ ಪದರವನ್ನು ಬಿಡಿಸದೆ ಲಾಗ್ ನಿಯಮದಿಂದ ತುಂಬುವ ಸೂತ್ರ) ಬಳಸುವುದಾದರೆ ನಡುಬಿಂದುವನ್ನು 0.8 ಮಿಲಿಮೀಟರಿಗಿಂತ ಮೇಲಿಡಿ. ಎರಡರ ನಡುವೆ, ವೈ-ಪ್ಲಸ್ 10ರಲ್ಲಿ ನಿಲ್ಲಿಸಿದರೆ ವೇಗ ಮತ್ತು ಘರ್ಷಣಾ ವೇಗದ ಅನುಪಾತವನ್ನು ಸರಳರೇಖೆಯ ನಿಯಮ (ಗೋಡೆಗೆ ತೀರಾ ಹತ್ತಿರ ಆ ಅನುಪಾತ ವೈ-ಪ್ಲಸ್ ಎಷ್ಟೋ ಅಷ್ಟೇ ಎನ್ನುವುದು) 10 ಎನ್ನುತ್ತದೆ, ಲಾಗ್ ನಿಯಮ 10.6 ಎನ್ನುತ್ತದೆ, ನಿಜವಾದದ್ದು 8.5ರ ಆಸುಪಾಸು.